ಎಸ್‌ಪಿ ರೋಡ್ ಗುಜರಿಯಲ್ಲಿ ವಿಂಡೋಸ್ 98 ಪಿಸಿ: ಏನು ಕೊಳ್ಳಬಹುದು, ಏನು ಬೇಡ

ವಿಂಡೋಸ್‌ಗೂ ಮುಂಚಿನ ಡಾಸ್ ಗೇಮ್‌ಗಳನ್ನು ಈಗಿನ ಕಂಪ್ಯೂಟರಿನಲ್ಲೇ ಆಡಿಸುವ ಡಾಸ್‌ಬಾಕ್ಸ್ ಪುಕ್ಕಟೆ ಸಿಗುವಾಗ, ಹಳೆ ಗೇಮ್‌ಗಳಿಗೆ ಹಳೆಯ ಪೆಂಟಿಯಂ ಪಿಸಿ ಯಾಕೆ ಅಂತ ಕೇಳುವವರು ಇಲ್ಲಿಗೇ ನಿಲ್ಲಿಸಬಹುದು. ಬೇಕೇ ಬೇಕು ಅನ್ನುವವರಿಗೆ ಬೆಂಗಳೂರಲ್ಲಿ ಎಸ್‌ಪಿ ರೋಡಿನ ಒಳಗಲ್ಲಿಗಳೇ ಗತಿ. ಮುಖ್ಯರಸ್ತೆ ಅಂಗಡಿಗಳಲ್ಲಿ ಕೇಳಿದರೆ ನಗುತ್ತಾರೆ. ನಾನು ಕೊಂಡಿದ್ದು ಹಿಂದಿನ ಸಂದಿಯಲ್ಲಿ, ಆಫೀಸುಗಳಿಂದ ಬಂದ ಹಳೆ ಮಾನಿಟರುಗಳನ್ನು ಬಾಗಿಲ ತನಕ ಪೇರಿಸಿಟ್ಟ ಒಂದು ಗುಜರಿ ಅಂಗಡಿಯಲ್ಲಿ. ಹೆಸರು ಹಾಕುವುದಿಲ್ಲ, ಅಲ್ಲಿ ಬೋರ್ಡೂ ಇಲ್ಲ.

ಮದರ್‌ಬೋರ್ಡ್ ವಿಷಯದಲ್ಲಿ ಪೂರ್ತಿ ಅಂಕ. ಇಂಟೆಲ್ 440ಬಿಎಕ್ಸ್ ಅಂದ ಕೂಡಲೇ ಮಾಲೀಕರು ಅಟ್ಟದಿಂದ ಒಂದು ಚೀಲ ಇಳಿಸಿದರು. 1998ರ ಚಿಪ್‌ಸೆಟ್, ಪೆಂಟಿಯಂ 3 ಕೂರುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಎಜಿಪಿ ಸ್ಲಾಟ್ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಹಳೆ ಸೌಂಡ್ ಕಾರ್ಡುಗಳು ಕೂರುವ ಐಎಸ್‌ಎ ಸ್ಲಾಟ್ ಇದೆ. ಆ ಉದ್ದನೆಯ ಕಪ್ಪು ಸ್ಲಾಟ್ ಇಲ್ಲದ ಬೋರ್ಡನ್ನು ಸುಮ್ನೆ ಕೊಟ್ಟರೂ ತರಬೇಡಿ. ಡಾಸ್ ಗೇಮ್‌ಗಳು ಸೌಂಡ್ ಬ್ಲಾಸ್ಟರ್ ಅನ್ನುವ ಸೌಂಡ್ ಕಾರ್ಡ್ ಎಲ್ಲಿದೆ ಅಂತ ನೇರವಾಗಿ 220 ಅನ್ನುವ ಪೋರ್ಟ್ ವಿಳಾಸದಲ್ಲೇ ಹುಡುಕುತ್ತವೆ. ಆಮೇಲೆ ಬಂದ ಪಿಸಿಐ ಸ್ಲಾಟಿನ ಕಾರ್ಡು ಡ್ರೈವರ್ ಹಾಕಿಕೊಂಡು ಸೌಂಡ್ ಬ್ಲಾಸ್ಟರ್ ವೇಷ ಹಾಕಬೇಕು, ಎಷ್ಟೋ ಗೇಮ್‌ಗಳಲ್ಲಿ ಆ ವೇಷ ನಡೆಯಲ್ಲ, ಸದ್ದೇ ಇರಲ್ಲ. ಎಲ್ಲರೂ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುತ್ತಾರೆ. ಮೊದಲು ಐಎಸ್‌ಎ ಸೌಂಡ್ ಕಾರ್ಡ್ ಹುಡುಕಿ, ಉಳಿದಿದ್ದು ಆಮೇಲೆ.

ಗ್ರಾಫಿಕ್ಸ್‌ಗೆ 3ಡಿಎಫ್ಎಕ್ಸ್ ಕಂಪನಿಯ ವೂಡೂ ಕಾರ್ಡ್ ಇಲ್ಲ, ಆಸೆ ಬೇಡ. 3ಡಿಎಫ್ಎಕ್ಸ್ ಮುಳುಗಿ 2000ದ ಕೊನೆಗೆ ಎನ್‌ವಿಡಿಯಾ ಪಾಲಾಯಿತು, ಉಳಿದ ಕಾರ್ಡುಗಳಿಗೆ ಈಗ ಚಿನ್ನದ ರೇಟು. ಇಲ್ಲಿ ಎನ್‌ವಿಡಿಯಾದ್ದೇ ಟಿಎನ್‌ಟಿ2 ಕಾರ್ಡ್ ಸಿಕ್ಕಿತು. ನೀಡ್ ಫಾರ್ ಸ್ಪೀಡ್ 2 ಎಸ್‌ಇಯ ಗ್ಲೈಡ್ ಮೋಡ್ (ವೂಡೂ ಕಾರ್ಡಿಗೆಂದೇ ಇರುವ ಗ್ರಾಫಿಕ್ಸ್) ಇದರಲ್ಲಿ ಬರಲ್ಲ, ಮಿಕ್ಕಿದ್ದೆಲ್ಲ ಆರಾಮ.

ಈಗ ದೂರು. "ಚೆಕ್ ಮಾಡಿಯೇ ಕೊಡೋದು ಸಾರ್" ಅನ್ನುತ್ತಾರೆ. ಅವರ ಚೆಕ್ ಅಂದರೆ ಪರದೆಯಲ್ಲಿ ರ‍್ಯಾಮ್ ಎಣಿಕೆ ಬಂದರೆ ಮುಗೀತು, "ಡಿಸ್‌ಪ್ಲೇ ಬಂತಲ್ವಾ?" ಅಷ್ಟೆ. ಮೊದಲು ತೋರಿಸಿದ ಬೋರ್ಡಿನಲ್ಲಿ ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ಉಬ್ಬಿ, ಒಂದರ ಬುಡದಲ್ಲಿ ಕಂದು ಕಲೆ ಒಣಗಿತ್ತು. ಆದರೂ ಡಿಸ್‌ಪ್ಲೇ ಬಂತು! ತೋರಿಸಿದೆ, ಬೇಜಾರಿಲ್ಲದೆ ಬದಲಿಸಿ ಕೊಟ್ಟರು. ಟಾರ್ಚ್ ಹಾಕಿ ನೋಡದೆ ದುಡ್ಡು ಕೊಡಬೇಡಿ. ಬೋರ್ಡಿನ ಸೆಟ್ಟಿಂಗ್ (ಬಯಾಸ್) ಉಳಿಸುವ ಬ್ಯಾಟರಿ ಸತ್ತಿದ್ದರೆ ಚಿಂತೆ ಇಲ್ಲ, ಮಾಮೂಲಿ ಸಿಆರ್2032 ಬಟನ್ ಸೆಲ್.

ಅಲ್ಲಿಯ ಹಳೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಮಾತ್ರ ಖಂಡಿತ ಬೇಡ. ಕೆಟ್ಟರೆ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹೊಸದು ಕೊಳ್ಳಿ, ಆದರೆ ಮೇಲಿನ ಲೇಬಲ್‌ನಲ್ಲಿ 5 ವೋಲ್ಟ್ ಸಾಲು ಓದಿ. ಈಗಿನವು ಹೆಚ್ಚು ಕರೆಂಟ್ ಕೊಡುವುದು 12 ವೋಲ್ಟ್‌ನಲ್ಲಿ, ಆ ಕಾಲದ ಬೋರ್ಡುಗಳು ಜಾಸ್ತಿ ಎಳೆಯುವುದು 5ರಲ್ಲಿ. ಹಾರ್ಡ್ ಡಿಸ್ಕ್ ಬದಲು ಅದರ ಐಡಿಇ ಕೇಬಲ್ಲಿಗೆ ಕೂರುವ ಅಡಾಪ್ಟರಿನಲ್ಲಿ ಸಿಎಫ್ (ಹಳೆ ಕ್ಯಾಮೆರಾಗಳ ಮೆಮೊರಿ) ಕಾರ್ಡ್ ಹಾಕಿದೆ, ಗದ್ದಲವೇ ಇಲ್ಲ. ರ‍್ಯಾಮ್ 256 ಎಂಬಿ ಸಾಕು, 512 ದಾಟಿದರೆ ವಿಂಡೋಸ್ 98 ತಕರಾರು ಮಾಡುತ್ತದೆ.

ವಿಂಗ್ ಕಮಾಂಡರ್ ಥರದ ಗೇಮ್‌ಗಳು ಪೆಂಟಿಯಂ 3ರಲ್ಲಿ ಹುಚ್ಚು ಓಟ ಓಡುತ್ತವೆ, ಬಯಾಸ್‌ನಲ್ಲಿ ಕ್ಯಾಶ್ (ಪ್ರೊಸೆಸರಿನ ವೇಗದ ಮೆಮೊರಿ) ಆಫ್ ಮಾಡಿ. ಹಳೆ 386 ಪ್ರೊಸೆಸರಿನ ಹತ್ತಿರದ ವೇಗಕ್ಕೆ ಇಳಿಯುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಬಿಲ್ ಕೊಡದಿದ್ದಕ್ಕೆ. ಅದೇ ರಾಶಿಯಲ್ಲಿ 15 ಇಂಚಿನ ಚೌಕ ಎಲ್‌ಸಿಡಿಗಳಿವೆ, ಒಂದನ್ನು ಎತ್ತಿಕೊಳ್ಳಿ, ಅಗಲ ಪರದೆಯಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಕುಳ್ಳಗೆ ದಪ್ಪಗೆ ಕಾಣುತ್ತಾನೆ. ಕಾರು ಮಾತ್ರ ಒಯ್ಯಬೇಡಿ, ಪಾರ್ಕಿಂಗ್ ಸಿಗಲ್ಲ.