ಓಡುವ ಕಾಲು, ನಡೆಯುವ ಕಾಲು: ಕೆರೊಲಿನಾಗಳ ಶ್ರೈನ್ ಬೌಲ್

ಅಮೆರಿಕನ್ ಫುಟ್‌ಬಾಲ್ ಎಂದರೆ ನನಗೆ ಭಕ್ತಿ ಇಲ್ಲ, ಭಯವಿದೆ. ಉತ್ತರ ಕೆರೊಲಿನಾದ ಶಾರ್ಲಟ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಹನ್ನೊಂದು ವರ್ಷ ಕಳೆದಿದ್ದೇನೆ. ಆಗಸ್ಟ್‌ನಲ್ಲಿ ಹೈಸ್ಕೂಲುಗಳ ಅಭ್ಯಾಸ ಶುರುವಾದರೆ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹದಿನೇಳು ವರ್ಷದ ಮೊಣಕಾಲುಗಳು ನನ್ನ ಮೇಜಿನ ಮೇಲೆ ಬಂದು ಮಲಗುತ್ತವೆ. ಹೀಗಿರುವಾಗ, ಮಗ ಶ್ರೈನ್ ಬೌಲ್‌ಗೆ ಆಯ್ಕೆಯಾದನೆಂದು ಎದುರು ಮನೆಯಾಕೆ ಮೂರು ಟಿಕೆಟ್ ಹಿಡಿದು ಬಾಗಿಲು ತಟ್ಟಿದಾಗ ನಾನು ಮೊದಲು ಕೇಳಿದ್ದು, "ಮತ್ತೊಂದು ಪಂದ್ಯವೇ?" ಎಂದು. ಆಕೆ ಅದನ್ನು ಅಭಿನಂದನೆ ಎಂದೇ ತಿಳಿದುಕೊಂಡರು, ಪುಣ್ಯ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಹೊಸದಾಗಿ ಈ ಕಡೆಗೆ ಬಂದ ಕನ್ನಡದ ಕುಟುಂಬಗಳು ಡಿಸೆಂಬರ್ ಬಂತೆಂದರೆ "ಹೋಗಬಹುದೇ, ಮಕ್ಕಳಿಗೆ ಹಿಡಿಸುತ್ತದೆಯೇ?" ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಉತ್ತರ ಕೆರೊಲಿನಾ ಮತ್ತು ದಕ್ಷಿಣ ಕೆರೊಲಿನಾ ತಮ್ಮ ತಮ್ಮ ಹೈಸ್ಕೂಲುಗಳ ಕೊನೆಯ ವರ್ಷದ ಹುಡುಗರಲ್ಲಿ 44 ಮಂದಿಯನ್ನು ಆರಿಸಿ ಒಂದು ಪಂದ್ಯ ಆಡಿಸುತ್ತವೆ, ಅದೇ ಶ್ರೈನ್ ಬೌಲ್. 1937ರಲ್ಲಿ ಶಾರ್ಲಟ್‌ನಲ್ಲಿ ಆರಂಭವಾಯಿತು, ಆಮೇಲೆ ರಾಕ್ ಹಿಲ್‌ಗೆ ಹೋಯಿತು, ಅಲ್ಲಿಂದ ಸ್ಪಾರ್ಟನ್‌ಬರ್ಗ್‌ಗೆ. ನಾವು ನೋಡಿದ್ದು ಸ್ಪಾರ್ಟನ್‌ಬರ್ಗ್‌ನ ವೊಫರ್ಡ್ ಕಾಲೇಜಿನ ಗಿಬ್ಸ್ ಕ್ರೀಡಾಂಗಣದಲ್ಲಿ. ಬಿಡಾರ ಬದಲಿಸುವ ಪಂದ್ಯವಾದ್ದರಿಂದ ಹೊರಡುವ ಮುನ್ನ ಆ ವರ್ಷದ ಮೈದಾನ ಯಾವುದೆಂದು ನೋಡಿಕೊಳ್ಳಿ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ನಡೆಯುವ ಆಲ್-ಅಮೆರಿಕನ್ ಬೌಲ್‌ನ ಥಳುಕನ್ನು ಇಲ್ಲಿ ನಿರೀಕ್ಷಿಸಬೇಡಿ. ಅಲ್ಲಿ ದೇಶಕ್ಕೆಲ್ಲ ಹೆಸರಾದ ಹುಡುಗರು ಟಿವಿ ಕ್ಯಾಮೆರಾದ ಮುಂದೆ ಮೇಜಿನ ಮೇಲಿನ ಟೋಪಿಗಳಲ್ಲಿ ಒಂದನ್ನು ತೊಟ್ಟು ತಾವು ಸೇರುವ ಕಾಲೇಜು ಯಾವುದೆಂದು ಸಾರುತ್ತಾರೆ. ಇಲ್ಲಿ ಟೋಪಿ ತೊಡುವವರು ಅಜ್ಜಂದಿರು. ಕಪ್ಪು ಕುಚ್ಚು ಇಳಿಬಿಟ್ಟ ಕೆಂಪು ಫೆಜ್ ಟೋಪಿಯ ಶ್ರೈನರ್‌ಗಳು, ಅಂದರೆ ಪಂದ್ಯಕ್ಕೆ ಹೆಸರು ಕೊಟ್ಟ ಸೇವಾ ಸಂಘದ ಸದಸ್ಯರು, ಗೇಟಿನಲ್ಲಿ, ಮೆಟ್ಟಿಲಲ್ಲಿ, ಮೈದಾನದ ಅಂಚಿನಲ್ಲಿ, ಎಲ್ಲೆಲ್ಲೂ. "ಇವರು ಯಾವ ಮದುವೆಯ ಬೀಗರು?" ಎಂದು ನಮ್ಮ ಯಜಮಾನರು ಮೆಲ್ಲಗೆ ಕೇಳಿದರು.

ನನ್ನನ್ನು ಹೊರಡಿಸಿದ್ದು ಈ ಅಜ್ಜಂದಿರ ಆಸ್ಪತ್ರೆ. ಪೋಲಿಯೊದಿಂದ ಕಾಲು ಸೋತ ಮಕ್ಕಳಿಗಾಗಿ ಶ್ರೈನರ್‌ಗಳು 1922ರಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಮೊದಲ ಆಸ್ಪತ್ರೆ ತೆರೆದರು. ಐದು ವರ್ಷಗಳ ನಂತರ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲೂ ಒಂದು ಆಯಿತು. ತಂದೆತಾಯಿಗೆ ಹಣ ಕೊಡುವ ಶಕ್ತಿ ಇದೆಯೇ ಎಂದು ನೋಡದೆ ಚಿಕಿತ್ಸೆ ಕೊಡುತ್ತಾರೆ. ಈ ದೇಶದ ಆಸ್ಪತ್ರೆ ಬಿಲ್ಲು ಕಂಡವರಿಗೆ ಆ ಮಾತಿನ ತೂಕ ಗೊತ್ತು. ಪೋಲಿಯೊ ಹೋಯಿತು, ಒಳಕ್ಕೆ ತಿರುಚಿದ ಪಾದ, ಬಾಗಿದ ಬೆನ್ನೆಲುಬು, ಹುಟ್ಟುವಾಗಲೇ ಇಲ್ಲದ ಕಾಲು ಇವೆಲ್ಲ ಉಳಿದಿವೆ. ಪಂದ್ಯದ ಹಣ ಅಲ್ಲಿಗೆ ಸಲ್ಲುತ್ತದೆ. ದುರ್ಬಲ ಕಾಲುಗಳು ನಡೆಯಲೆಂದು ಬಲಿಷ್ಠ ಕಾಲುಗಳು ಓಡುತ್ತವೆ ಎಂಬುದು ಪಂದ್ಯದ ಘೋಷವಾಕ್ಯ. ಕಾಲುಗಳಿಂದಲೇ ಹೊಟ್ಟೆ ಹೊರೆಯುವ ನಾನು ಇದಕ್ಕೆ ಸೋಲದಿರುವುದು ಹೇಗೆ?

ಐ-85 ಹೆದ್ದಾರಿಯಲ್ಲಿ ಶಾರ್ಲಟ್‌ನಿಂದ ಒಂದೂಕಾಲು ಗಂಟೆಯ ದಾರಿ. ನಡುವೆ ಗ್ಯಾಫ್ನಿಯಲ್ಲಿ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕು ಸಿಗುತ್ತದೆ. 135 ಅಡಿ ಎತ್ತರ, ಹತ್ತು ಲಕ್ಷ ಗ್ಯಾಲನ್ ನೀರು. ನಮ್ಮ ಮಗಳಿಗೆ ಇಡೀ ದಿನದಲ್ಲಿ ಅತಿ ಇಷ್ಟವಾದದ್ದು ಅದೇ, ಮುಚ್ಚುಮರೆ ಯಾಕೆ. ಮೈದಾನದ ಹತ್ತಿರ ಖಾಲಿ ಜಾಗವೊಂದರಲ್ಲಿ ಕಾರು ನಿಲ್ಲಿಸಲು ಹಣ ವಸೂಲಿ ಮಾಡಿದವನು, ಪಂದ್ಯ ಮುಗಿಯುವ ಹೊತ್ತಿಗೆ ನಮ್ಮ ಕಾರಿನ ಹಿಂದೆ ಇನ್ನೆರಡು ಸಾಲು ನಿಲ್ಲಿಸಿ ಮಾಯವಾಗಿದ್ದ. ಡಿಸೆಂಬರ್ ಚಳಿಗೆ ಅಲ್ಯೂಮಿನಿಯಂ ಬೆಂಚು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕೂರಲು ದಿಂಬು, ಹೊದೆಯಲು ಕಂಬಳಿ, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ನಾನು ಕೊಂಡ ಹಾಟ್ ಚಾಕೊಲೇಟ್, ಹೆಸರಿನ ಮೊದಲರ್ಧಕ್ಕೆ ನ್ಯಾಯ ಮಾಡಲಿಲ್ಲ.

ಇನ್ನು ಆಟ. ಆಟದ ದೃಷ್ಟಿಯಿಂದ ಇದು ಕಳಪೆ ಎಂದರೆ ತಪ್ಪಾಗುತ್ತದೆ, ಬಿಗಿ ಇಲ್ಲ ಎನ್ನಬಹುದು. ತಿಂಗಳ ಹಿಂದೆ ಪರಸ್ಪರರನ್ನು ನೆಲಕ್ಕೆ ಕೆಡವುತ್ತಿದ್ದ ಹುಡುಗರು ಒಂದೇ ವಾರದಲ್ಲಿ ಒಂದು ತಂಡವಾಗಬೇಕು. ಮೊದಲ ಕ್ವಾರ್ಟರ್‌ನಲ್ಲೇ ಎರಡು ಬಾರಿ, ಸಾಲಿನ ನಡುವೆ ನಿಲ್ಲುವ ಸೆಂಟರ್ ಹಿಂದಕ್ಕೆ ಕೊಟ್ಟ ಚೆಂಡು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಕೈಗೆ ಕೂರದೆ ಉರುಳಿತು. ಎಲ್ಲರಿಗೂ ಅವಕಾಶ ಸಿಗಬೇಕೆಂದು ಆಟಗಾರರನ್ನು ಮತ್ತೆ ಮತ್ತೆ ಬದಲಿಸುವುದರಿಂದ ಯಾವ ಜೋಡಿಯೂ ಹದಕ್ಕೆ ಬರುವುದಿಲ್ಲ. ಒಬ್ಬೊಬ್ಬನನ್ನೇ ಬೇರೆಯಾಗಿ ನೋಡಿದರೆ ಮಾತ್ರ ರುಚಿ ಹತ್ತುತ್ತದೆ. ನಾನು ಚೆಂಡು ಬಿಟ್ಟು ಸೊಂಟದಿಂದ ಕೆಳಗೆ ನೋಡಿದೆ. ಮುನ್ನೂರು ಪೌಂಡಿನ ಹುಡುಗ ಮೊದಲ ಹೆಜ್ಜೆಯಲ್ಲಿ ಹಿಮ್ಮಡಿ ಎತ್ತದೆ, ಸೊಂಟ ತಗ್ಗಿಸಿ, ಎದುರಾಳಿಯ ಎದೆಯ ಕೆಳಗೆ ನುಗ್ಗುವುದಿದೆಯಲ್ಲ, ಅದನ್ನು ಯಾರೂ ಚಪ್ಪಾಳೆ ತಟ್ಟಿ ನೋಡುವುದಿಲ್ಲ. ನಾನು ಮೂರು ಸಲ ತಟ್ಟಿದೆ. ಆದರೆ ಮೈದಾನದಲ್ಲಿ ರಾಶಿ ಬಿದ್ದಾಗಲೆಲ್ಲ ಕೆಳಗಿನವನ ಮೊಣಕಾಲು ಯಾವ ಕಡೆ ತಿರುಗಿದೆ ಎಂದು ಎದ್ದು ನಿಂತು ಹುಡುಕುತ್ತಿದ್ದೆ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ, ಬಳಿಕ ಒಂಬತ್ತು ತಿಂಗಳೋ ವರ್ಷವೋ. ಅಂಕಪಟ್ಟಿಯಲ್ಲಿ ಯಾವ ಲೆಕ್ಕಕ್ಕೂ ಬಾರದ ಪಂದ್ಯಕ್ಕಾಗಿ! ಈ ಪಂದ್ಯಕ್ಕೆ ನಾನು ಕೊಡುವುದು ಐದರಲ್ಲಿ ಮೂರೂವರೆ ನಕ್ಷತ್ರ; ಒಂದನ್ನು ಕಿತ್ತುಕೊಂಡದ್ದು ಈ ಕಾರಣಕ್ಕೇ. ಇನ್ನೊಂದು ಅರ್ಧ ಕಾರು ನಿಲ್ಲಿಸಿದ ಕಷ್ಟಕ್ಕೆ.

ಪಂದ್ಯಕ್ಕೆ ಇನ್ನೊಂದು ಹಳೆಯ ಲೆಕ್ಕವೂ ಇದೆ. ಸೊಂಟದ ಚಿಕಿತ್ಸೆಗೆ ನನ್ನ ಬಳಿ ಬರುತ್ತಿದ್ದ, ಶಾರ್ಲಟ್‌ನಲ್ಲೇ ಹುಟ್ಟಿ ಬೆಳೆದ ಕಪ್ಪು ಹಿರಿಯರೊಬ್ಬರಿಗೆ ನಾನು ಉತ್ಸಾಹದಿಂದ ಈ ಕಥೆ ಹೇಳಿದಾಗ ಅವರು ಸುಮ್ಮನೆ ಕೇಳಿ, ಆಮೇಲೆ "ಕರ್ಕ್‌ಪ್ಯಾಟ್ರಿಕ್ ಗೊತ್ತೇ?" ಎಂದರು. ಗೊತ್ತಿರಲಿಲ್ಲ. 1965ರಲ್ಲಿ ಮೈಯರ್ಸ್ ಪಾರ್ಕ್ ಹೈಸ್ಕೂಲಿಗಾಗಿ ಓಡಿದ ಜಿಮ್ಮಿ ಲೀ ಕರ್ಕ್‌ಪ್ಯಾಟ್ರಿಕ್ ರಾಜ್ಯದ ಅತ್ಯುತ್ತಮ ಆಟಗಾರರಲ್ಲಿ ಒಬ್ಬ. ಶ್ರೈನ್ ಬೌಲ್‌ನ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಆವರೆಗೆ ಒಬ್ಬ ಕಪ್ಪು ಹುಡುಗನೂ ಆ ಪಂದ್ಯ ಆಡಿರಲಿಲ್ಲ. ವಕೀಲ ಜೂಲಿಯಸ್ ಚೇಂಬರ್ಸ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದೇ ನವೆಂಬರ್‌ನ ಒಂದು ರಾತ್ರಿ ಚೇಂಬರ್ಸ್ ಸೇರಿ ನಗರದ ನಾಲ್ವರು ಕಪ್ಪು ನಾಯಕರ ಮನೆಗಳಲ್ಲಿ ಬಾಂಬ್ ಸಿಡಿಯಿತು. ಪಂದ್ಯ ಆ ವರ್ಷವೂ ನಡೆಯಿತು, ಅವನಿಲ್ಲದೆ. ಮರುವರ್ಷ ಬಾಗಿಲು ತೆರೆಯಿತು. "ಆಸ್ಪತ್ರೆಗೆ ಹಣ ಕೊಡುತ್ತೇನೆ, ಪಂದ್ಯಕ್ಕೆ ಮಾತ್ರ ಇಂದಿಗೂ ಹೋಗಿಲ್ಲ" ಎಂದು ಅವರು ಹೇಳಿ ಕಾಲು ಎತ್ತುವ ವ್ಯಾಯಾಮಕ್ಕೆ ಮರಳಿದರು. ಟಿಕೆಟ್ ಜೊತೆ ಕೈಗಿಡುವ ಪುಸ್ತಿಕೆಯನ್ನು ಮನೆಗೆ ಬಂದು ಮತ್ತೆ ತಿರುವಿ ಹಾಕಿದೆ. ನನ್ನ ಕಣ್ಣಿಗಂತೂ ಈ ಸಂಗತಿ ಬೀಳಲಿಲ್ಲ.

ಆಟಗಾರರು ಪಂದ್ಯದ ವಾರದಲ್ಲಿ ಗ್ರೀನ್‌ವಿಲ್ ಆಸ್ಪತ್ರೆಗೆ ಹೋಗಿ ಮಕ್ಕಳನ್ನು ಕಾಣುವ ಪದ್ಧತಿ ಇದೆ. ಕೃತಕ ಕಾಲಿನ ಪುಟ್ಟ ಹುಡುಗಿಯೊಬ್ಬಳು ತನ್ನನ್ನು ಇಸ್ಪೀಟಿನಲ್ಲಿ ನಾಲ್ಕು ಸಲ ಸೋಲಿಸಿದಳು ಎಂದು ಎದುರು ಮನೆಯ ಹುಡುಗ ಪಂದ್ಯದ ನಂತರ ಹೇಳಿದ. ಅಪ್ಪನ ಪಿಕಪ್ ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತು ಪಾದದ ಟೇಪು ಕೀಳಲು ಒದ್ದಾಡುತ್ತಿದ್ದ. ನನ್ನ ಚೀಲದಲ್ಲಿ ಕತ್ತರಿ ಸದಾ ಇರುತ್ತದೆ. ಟೇಪು ಸೀಳಿದಾಗ ಹೊರಗಿನ ಕಣಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. ಆ ಬಣ್ಣ ಒಂದು ಮಧ್ಯಾಹ್ನದಲ್ಲಿ ಬರುವುದಲ್ಲ.

"ಯಾವತ್ತಿನಿಂದ?" ಎಂದೆ.

"ಮಂಗಳವಾರದ ಅಭ್ಯಾಸದಿಂದ, ಮ್ಯಾಮ್."

"ಕೋಚ್‌ಗೆ ಹೇಳಿದೆಯಾ?"

ಅವನು ತಾಯಿ ಎಲ್ಲಿದ್ದಾರೆಂದು ಒಮ್ಮೆ ತಿರುಗಿ ನೋಡಿದ. ಯಾವ ಕಾಲೇಜೂ ಅವನನ್ನು ಕರೆದಿರಲಿಲ್ಲ. ಜನವರಿಯಿಂದ ಚಿಕ್ಕಪ್ಪನ ಜೊತೆ ಏರ್ ಕಂಡೀಷನಿಂಗ್ ಕೆಲಸ ಕಲಿಯುವವನಿದ್ದ. "ಹೇಳಿದ್ದರೆ ಇವತ್ತು ಆಡಿಸುತ್ತಿರಲಿಲ್ಲ" ಎಂದ. ಸೋಮವಾರ ನಾಲ್ಕು ಗಂಟೆಗೆ ಕ್ಲಿನಿಕ್ಕಿಗೆ ಬಾ ಎಂದು ಹೇಳಿ, ಐಸ್ ತರಲು ಯಜಮಾನರನ್ನು ಓಡಿಸಿದೆ.