ಕನ್ನಡ ಕಥೆ ಓದಲು ಕೋಬೋ ಲಿಬ್ರಾ 2: ಒಂದೆರಡು ಮಳೆಗಾಲ ದಾಟಿದ ಮೇಲೆ

ನನಗೆ ಬೇಕಿದ್ದದ್ದು ಇಷ್ಟೇ. ವರ್ಷಗಳಿಂದ ಕಂಪ್ಯೂಟರಿನಲ್ಲಿ ಕೂಡಿಟ್ಟ ಕನ್ನಡ ಕಥೆಗಳನ್ನು ಇಂಟರ್ನೆಟ್ ಇಲ್ಲದೆ ಓದಬೇಕು. ಯಾವ ಕಥೆ ಎಲ್ಲಿದೆ ಅಂತ ಹುಡುಕಿದರೆ ಸಿಗಬೇಕು. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿಬರುವವನು ನಾನು. ಬಸ್ಸಿನಲ್ಲಿ ಮೊಬೈಲ್ ತೆಗೆದರೆ ಕಥೆಯೊಂದನ್ನು ಬಿಟ್ಟು ಬೇರೆಲ್ಲ ಓದಿ ಆಗುತ್ತದೆ. ಮನೆಯಲ್ಲಿ ಗುಡುಗು ಶುರುವಾದರೆ ಮೊದಲು ಕರೆಂಟ್ ಹೋಗುತ್ತದೆ, ಹಿಂದೆಯೇ ವೈಫೈ. ಇನ್ನು ಕಪಾಟಿನ ಹಳೆಯ ಪತ್ರಿಕೆಗಳು ಜೂನ್ ಬಂದರೆ ಬೂಷ್ಟು ಹಿಡಿಯುತ್ತವೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರೀಡರ್ ಅಂದರೆ ಇ-ಪುಸ್ತಕ ಓದುವ ಸಾಧನ, ನನ್ನದು ಕೋಬೋ ಕಂಪನಿಯದ್ದು. ಅದನ್ನು ಆರಿಸುವಾಗ ಎಲ್ಲರೂ ಪರದೆ, ಬ್ಯಾಟರಿ, ಜಿಬಿ ಅಂತ ನೋಡುತ್ತಾರೆ. ಕನ್ನಡದವರು ಮೊದಲು ನೋಡಬೇಕಾದದ್ದು ಒತ್ತಕ್ಷರ. ಗೆಳೆಯರೊಬ್ಬರ ಹಳೆಯ ರೀಡರಿಗೆ ನನ್ನ ಕಥೆಯೊಂದನ್ನು ಹಾಕಿ ನೋಡಿದ್ದೆ. ಯಾವ ಕಂಪನಿ ಎಂದು ಹೇಳುವುದಿಲ್ಲ, ಬಿಡಿ. ‘ಅಕ್ಕ’ ಹೋಗಿ ‘ಅಕ್‌ಕ’ ಆಗಿತ್ತು. ಹಾಗೆ ಎರಡು ಪುಟ ಓದುವುದರೊಳಗೆ ತಲೆ ನೋಯುತ್ತದೆ. ಕೊಳ್ಳುವ ಮೊದಲು ‘ಸ್ವಾತಂತ್ರ್ಯ’, ‘ಉಜ್ಜ್ವಲ’, ‘ಕರ್ತೃ’ ಇರುವ ಒಂದು ಪುಟ ತೆರೆದು ನೋಡಿ. ಅದು ಸರಿ ಬಂದರೆ ಉಳಿದ ಮಾತು.

ಅಮೆಜಾನಿನ ಕಿಂಡಲ್ ಯಾಕೆ ಬೇಡವಾಯಿತು ಅಂತ ಕೇಳುತ್ತಾರೆ. ಕೇಬಲ್ ಹಾಕಿ ನೇರವಾಗಿ ಕಾಪಿ ಮಾಡಿದ ಇಪಬ್ (ಇ-ಪುಸ್ತಕದ ಸಾಮಾನ್ಯ ಕಡತ ರೂಪ) ಅದರಲ್ಲಿ ತೆರೆಯುವುದಿಲ್ಲ. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯವನ್ನೂ 2025ರ ಫೆಬ್ರವರಿ 26ರಿಂದ ನಿಲ್ಲಿಸಿದರು. ನನ್ನ ಕಡತ ನನ್ನ ಕೈಯಲ್ಲಿ ಇರಬೇಕು ಅನ್ನುವವನಿಗೆ ಅದು ಸರಿಹೋಗುವುದಿಲ್ಲ. ಕೋಬೋ ಹಾಗಲ್ಲ. ಪೆನ್‌ಡ್ರೈವಿಗೆ ಹಾಕುವಂತೆ ಇಪಬ್ ಹಾಕಿದರೆ ಮುಗಿಯಿತು. ನನ್ನದನ್ನು ಕೆನಡಾದಲ್ಲಿರುವ ಭಾವ ರಜೆಗೆ ಬಂದಾಗ ತಂದುಕೊಟ್ಟರು. ಹಾಗಾಗಿ ಇಲ್ಲಿ ವಾರಂಟಿ ಗಿರಂಟಿ ಕೇಳುವಂತಿಲ್ಲ. ಇದನ್ನು ಗೊತ್ತಿದ್ದೇ ತರಿಸಿಕೊಳ್ಳಬೇಕು.

ಮಾದರಿ ಲಿಬ್ರಾ 2, 2021ರಲ್ಲಿ ಬಂದದ್ದು. 7 ಇಂಚಿನ ಇ-ಇಂಕ್ (ಕಾಗದದಂತೆ ಕಾಣುವ) ಪರದೆ, 300 ಪಿಪಿಐ ಅಂದರೆ ಇಂಚಿಗೆ 300 ಚುಕ್ಕೆ, 32 ಜಿಬಿ. ಪುಟ ತಿರುಗಿಸಲು ಬದಿಯಲ್ಲಿ ಗುಂಡಿ ಇದೆ. ಈ ಗುಂಡಿಯ ಬೆಲೆ ನಮ್ಮ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಮಾತ್ರ ಗೊತ್ತಾಗುವುದು! ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಕೈಯ ಹೆಬ್ಬೆರಳು ಗುಂಡಿಯ ಮೇಲೆ. ಕಾಪು ದಾಟಿ ಪಡುಬಿದ್ರಿ ಬರುವಷ್ಟರಲ್ಲಿ ಒಂದು ಸಣ್ಣ ಕಥೆ ಆಗುತ್ತದೆ. ನೀರಿಗೆ ಐಪಿಎಕ್ಸ್8 ರಕ್ಷಣೆ ಇರುವುದರಿಂದ ಕಿಟಕಿಯಿಂದ ಬರುವ ಇರಚಲಿಗೆ ಹೆದರಿಕೆ ಇಲ್ಲ. ಕರೆಂಟ್ ಇಲ್ಲದ ರಾತ್ರಿ ಇದರದ್ದೇ ಬೆಳಕು ಸಾಕು. 2024ರಲ್ಲಿ ಲಿಬ್ರಾ ಕಲರ್ ಬಂದಿದೆ, ಆದರೆ ಬಣ್ಣದಲ್ಲಿ ಅದರ ಸ್ಪಷ್ಟತೆ 150 ಪಿಪಿಐ. ಕಥೆ ಓದುವವರಿಗೆ ಬಣ್ಣ ಯಾಕೆ, ಅಲ್ವಾ?

ಆದರೆ ನಾನು ಹೊಗಳುವುದು ಯಂತ್ರಕ್ಕಿಂತ ಜಾಸ್ತಿ ಅದರಲ್ಲಿ ಹಾಕಿಕೊಂಡ ಕೋರೀಡರ್ ಎಂಬ ತಂತ್ರಾಂಶವನ್ನು. ಉಚಿತ, ಮುಕ್ತ ತಂತ್ರಾಂಶ. ಕೋಬೋದ ಮೂಲ ತಂತ್ರಾಂಶ ಹಾಗೆಯೇ ಉಳಿಯುತ್ತದೆ, ಇದು ಪಕ್ಕದಲ್ಲಿ ಕೂರುತ್ತದೆ. ಕಿಂಡಲ್ಲಿಗೂ ಹಾಕಬಹುದು, ಆದರೆ ಅದಕ್ಕೆ ಮೊದಲು ಕಂಪನಿ ಹಾಕಿದ ಬೀಗ ಮುರಿಯಬೇಕು, ಅಂದರೆ ಜೈಲ್‌ಬ್ರೇಕ್ ಮಾಡಬೇಕು. ಇದರ ಫಾಂಟ್ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್ ಹಾಕಿದೆ. ಕರ್ನಿಂಗ್ ಅನ್ನುವ ಆಯ್ಕೆ ‘ಬೆಸ್ಟ್’ನಲ್ಲಿ ಇರಬೇಕು, ಆಗಲೇ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಪೂರ್ತಿ ಕೆಲಸ ಮಾಡಿ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಜಾಗದಲ್ಲಿ ಕೂರುವುದು. ಸಾಲುಗಳನ್ನು ಎರಡೂ ಬದಿಗೆ ಸಮ ಮಾಡಲು ಹೋಗಬೇಡಿ. ನಮ್ಮ ಪದಗಳು ಉದ್ದ, ನಡುವೆ ದೊಡ್ಡ ದೊಡ್ಡ ಕಿಂಡಿ ಬೀಳುತ್ತವೆ. ಎಡಕ್ಕೆ ಮಾತ್ರ ಸಮ ಇಡಿ.

ದೂರುಗಳೂ ಉಂಟು. ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು ಮೆನು. ಮೊದಲ ವಾರ ಸುಮ್ನೆ ಸುತ್ತಾಡುವುದೇ ಕೆಲಸ. ನಿಘಂಟು ಹಾಕಬಹುದು, ಸ್ಟಾರ್‌ಡಿಕ್ಟ್ ರೂಪದ್ದು. ಆದರೆ ‘ಮನೆಯಲ್ಲಿದ್ದವನಿಗೆ’ ಅಂತ ಇದ್ದರೆ ಅದನ್ನು ಇಡಿಯಾಗಿ ಹುಡುಕಿ, ಇಲ್ಲ ಅನ್ನುತ್ತದೆ. ಬಾಲ ಕತ್ತರಿಸಿ ನಾವೇ ಕೊಡಬೇಕು.

ಈಗ ಜೋಡಿಸುವ ವಿಷಯ. ಕಾದಂಬರಿ ಓದುವವರಿಗೆ ಇದು ಸಮಸ್ಯೆಯೇ ಅಲ್ಲ. ಕಥೆಗಳು ನೂರಾರು, ಒಂದೊಂದೂ ಎಂಟು ಹತ್ತು ಪುಟ. ಯಾವ ರೀಡರಿನಲ್ಲೂ ಅದರ ಸಣ್ಣ ಪರದೆಯ ಮೇಲೆ ಕೂತು ಇವನ್ನು ಜೋಡಿಸಲು ಆಗುವುದಿಲ್ಲ. ಆ ಕೆಲಸ ಕಂಪ್ಯೂಟರಿನಲ್ಲಿ, ಇ-ಪುಸ್ತಕ ಜೋಡಿಸುವ ತಂತ್ರಾಂಶವಾದ ಕ್ಯಾಲಿಬರ್‌ನಲ್ಲಿ ಆಗಬೇಕು. ವರ್ಡ್ ಕಡತ ಕೊಟ್ಟರೆ ಅದೇ ಇಪಬ್ ಮಾಡಿಕೊಡುತ್ತದೆ. ನಾನು ‘ಸರಣಿ’ಯ ಜಾಗದಲ್ಲಿ ಪತ್ರಿಕೆಯ ಹೆಸರು ಹಾಕುತ್ತೇನೆ, ಸಂಖ್ಯೆಯ ಜಾಗದಲ್ಲಿ ವರ್ಷ, ತಿಂಗಳು. ನವೆಂಬರಿನ ವಿಶೇಷಾಂಕವಾದರೆ 1987.11. ಜನವರಿ ಆದರೆ 1987.01 ಅಂತಲೇ ಹಾಕಬೇಕು. ಬರೀ .1 ಹಾಕಿದರೆ ಅದು ಅಕ್ಟೋಬರಿನ ಜಾಗಕ್ಕೆ ಹೋಗಿ ಕೂರುತ್ತದೆ. ಟ್ಯಾಗ್ ಎರಡು ಮೂರು ಸಾಕು. ನನ್ನಲ್ಲಿ ‘ಕರಾವಳಿ’, ‘ಮಕ್ಕಳಿಗೆ’, ‘ಮತ್ತೊಮ್ಮೆ’ ಇವೆ. ಟ್ಯಾಗ್ ಇಪ್ಪತ್ತು ಮಾಡಿದವರು ಆಮೇಲೆ ಟ್ಯಾಗನ್ನೇ ಹುಡುಕುತ್ತಿರುತ್ತಾರೆ. ಕ್ಯಾಲಿಬರ್‌ನಿಂದ ಕಳಿಸಿದ ಕಥೆಗಳನ್ನು ಕೋರೀಡರಿನಲ್ಲಿ ಲೇಖಕ, ಸರಣಿ, ಟ್ಯಾಗ್ ಪ್ರಕಾರ ಹುಡುಕಬಹುದು. ಇದಕ್ಕೆ ನೆಟ್ ಬೇಡ.

ಒಂದು ಎಚ್ಚರಿಕೆ. ಎಲ್ಲಿಯವರೆಗೆ ಓದಿದಿರಿ, ಯಾವ ಸಾಲಿಗೆ ಗುರುತು ಹಾಕಿದಿರಿ ಎಂಬುದನ್ನು ಕೋರೀಡರ್ ಮಾಮೂಲಾಗಿ ಪುಸ್ತಕದ ಪಕ್ಕದಲ್ಲೇ ‘ಎಸ್‌ಡಿಆರ್’ ಎಂದು ಕೊನೆಯಾಗುವ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ಕಂಪ್ಯೂಟರಿನಿಂದ ಪುಸ್ತಕವನ್ನು ಮಾತ್ರ ಬೇರೆ ಕಡೆ ಸರಿಸಿದರೆ ಗುರುತುಗಳು ಹಿಂದೆ ಉಳಿಯುತ್ತವೆ. ಸರಿಸುವುದಿದ್ದರೆ ಕೋರೀಡರಿನ ಒಳಗಿನಿಂದಲೇ ಸರಿಸಿ.

ಕಥೆ ಎಲ್ಲಿಂದ? ಕನ್ನಡ ವಿಕಿಸೋರ್ಸ್‌ನಿಂದ ನೇರವಾಗಿ ಇಪಬ್ ಸಿಗುತ್ತದೆ. ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಉಂಟು. ಕಷ್ಟ ಇರುವುದು ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳಲ್ಲಿ. ಯೂನಿಕೋಡ್ ಅಲ್ಲದ ಕಾರಣ ರೀಡರಿನಲ್ಲಿ ಬರೀ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೂ ಕಣ್ಣಾಡಿಸಬೇಕು. ‘ಧರ್ಮ’ ಕೆಲವೊಮ್ಮೆ ‘ಧಮ೯’ ಆಗಿರುತ್ತದೆ, ಅಂದರೆ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು. ಕಣ್ಣಿಗೆ ಹೆಚ್ಚೇನೂ ವ್ಯತ್ಯಾಸ ಕಾಣದು, ಹುಡುಕಿದರೆ ಮಾತ್ರ ಸಿಗದು. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿಗೆ 7 ಇಂಚು ಸಾಲುವುದಿಲ್ಲ, ಅವನ್ನು ಟ್ಯಾಬ್ಲೆಟ್ಟಿನಲ್ಲೇ ಓದುತ್ತೇನೆ.

ಮೈಲ್ಯಾಂಗ್, ಪ್ರತಿಲಿಪಿಯಂಥ ಆ್ಯಪ್‌ಗಳಲ್ಲೇ ಓದುವವರು ಇದನ್ನು ತೆಗೆದುಕೊಳ್ಳಬೇಡಿ, ಇದರಲ್ಲಿ ಆಂಡ್ರಾಯ್ಡ್ ಇಲ್ಲ. ಅವರಿಗೆ ಬೂಕ್ಸ್‌ನಂಥ ಆಂಡ್ರಾಯ್ಡ್ ಇ-ಇಂಕ್ ಆಗಬಹುದು. ಇನ್ನೂ ಅನುಮಾನ ಇದ್ದರೆ ದುಡ್ಡು ಹಾಕುವುದೇ ಬೇಡ ಮಾರಾಯ್ರೆ. ಕೋರೀಡರ್ ಆಂಡ್ರಾಯ್ಡ್ ಫೋನಿಗೂ ಸಿಗುತ್ತದೆ. ನಿಮ್ಮದೇ ಹತ್ತು ಕಥೆ ಹಾಕಿ, ಫ್ಲೈಟ್ ಮೋಡ್‌ನಲ್ಲಿ ಒಂದು ತಿಂಗಳು ಓದಿ. ಅಷ್ಟರ ಮೇಲೂ ಓದುತ್ತಿದ್ದರೆ ರೀಡರ್ ತರಿಸಿ.