ಬ್ಯಾಕ್ಟೀರಿಯಾ ಮತ್ತು ಫೇಜ್ ಮಾದರಿ ಸೆಟ್: ಮಾದರಿ ಉತ್ತಮ, ಚಿತ್ರಫಲಕ ದೋಷಪೂರ್ಣ

ಪಿಯು ತರಗತಿಗಳ ಜೀವಶಾಸ್ತ್ರ ಬೋಧನೆಗೆಂದು ತರಿಸಿಕೊಂಡ ಈ ಪ್ಲಾಸ್ಟಿಕ್ ಸೆಟ್‌ನಲ್ಲಿ ಉದ್ದುದ್ದಕ್ಕೆ ಸೀಳಿ ತೋರಿಸಿರುವ ಒಂದು ಇ. ಕೋಲೈ ಬ್ಯಾಕ್ಟೀರಿಯಾ, ಬಿಡಿಭಾಗಗಳಾಗಿ ಕಳಚಿ ಜೋಡಿಸಬಹುದಾದ ಒಂದು ಟಿ4 ಬ್ಯಾಕ್ಟೀರಿಯೋಫೇಜ್ (ಬ್ಯಾಕ್ಟೀರಿಯಾಕ್ಕೆ ಸೋಂಕು ತಗುಲಿಸುವ ವೈರಸ್, ಚಿಕ್ಕದಾಗಿ ಫೇಜ್) ಹಾಗೂ ವೈರಸ್ ವೃದ್ಧಿಯ ಹಂತಗಳನ್ನು ವಿವರಿಸುವ ಕೆಲವು ಚಿತ್ರಫಲಕಗಳಿವೆ.

ಬ್ಯಾಕ್ಟೀರಿಯಾದ ರಚನೆಯನ್ನು ಅಚ್ಚುಕಟ್ಟಾಗಿ ತೋರಿಸಲಾಗಿದೆ. ಹೊರಪೊರೆ, ತೆಳುವಾದ ಕೋಶಭಿತ್ತಿ, ಒಳಪೊರೆ, ರೈಬೋಸೋಮ್‌ಗಳು, ಕೋಶಕೇಂದ್ರದ ಆವರಣವಿಲ್ಲದೆ ಸುತ್ತಿಕೊಂಡಿರುವ ಡಿಎನ್‌ಎ ಎಲ್ಲವೂ ಬೇರೆ ಬೇರೆ ಬಣ್ಣಗಳಲ್ಲಿವೆ. ಆದರೆ ಸುಮಾರು 2 ಮೈಕ್ರೋಮೀಟರ್ ಉದ್ದದ ಬ್ಯಾಕ್ಟೀರಿಯಾ ಮತ್ತು ಅದರ ಹತ್ತನೇ ಒಂದು ಭಾಗದಷ್ಟಿರುವ ಫೇಜ್ ಇಲ್ಲಿ ಒಂದೇ ಗಾತ್ರದಲ್ಲಿದ್ದು, ಇದನ್ನು ಸೂಚಿಸುವ ಒಂದು ಸಾಲೂ ಪೆಟ್ಟಿಗೆಯ ಮೇಲಿಲ್ಲ.

ಸೆಟ್‌ನ ನಿಜವಾದ ಹೆಚ್ಚುಗಾರಿಕೆ ಫೇಜ್‌ನ ಬಾಲದಲ್ಲಿದೆ. ಆರು ಉದ್ದನೆಯ ತಂತುಗಳನ್ನು ಬ್ಯಾಕ್ಟೀರಿಯಾದ ಮೇಲೆ ಊರಿ ಒತ್ತಿದರೆ ಬಾಲದ ಹೊರಕವಚ ಅರ್ಧಕ್ಕಿಂತ ಚಿಕ್ಕದಾಗಿ ಕುಗ್ಗುತ್ತದೆ, ಒಳಗಿನ ಕೊಳವೆ ಕೆಳಗಿಳಿಯುತ್ತದೆ, ತಲೆಯಲ್ಲಿರುವ ಡಿಎನ್‌ಎ ಎಳೆಯನ್ನು ಅದರ ಮೂಲಕ ಕೋಶದೊಳಗೆ ಇಳಿಸಬಹುದು. ಖಾಲಿಯಾದ ಪ್ರೋಟೀನ್ ಚಿಪ್ಪು ಹೊರಗೇ ಉಳಿಯುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ, ಟಿ4ರ ಸಮೀಪದ ಬಂಧುವಾದ ಟಿ2 ಫೇಜ್ ಬಳಸಿ ಹರ್ಷೆ ಮತ್ತು ಚೇಸ್ 1952ರಲ್ಲಿ ನಡೆಸಿದ, ಆನುವಂಶಿಕ ವಸ್ತು ಪ್ರೋಟೀನ್ ಅಲ್ಲ, ಡಿಎನ್‌ಎ ಎಂದು ತೋರಿಸಿದ ಪ್ರಯೋಗದ ತರ್ಕವನ್ನು ಬಿಡಿಸಿ ಹೇಳುವುದು ಕಷ್ಟವಾಗದು.

ಚಿತ್ರಫಲಕಗಳ ಬಗ್ಗೆ ಇದೇ ಮಾತನ್ನು ಹೇಳಲಾಗದು. ಒಂದರಲ್ಲಿ ಕೋಶದೊಳಗೆ ಪುಟ್ಟ ಫೇಜ್‌ಗಳು ಕ್ರಮೇಣ ದೊಡ್ಡದಾಗುತ್ತಿರುವಂತೆ ಬಿಡಿಸಿದ್ದಾರೆ; ಇದು ಶುದ್ಧ ತಪ್ಪು. ವೈರಸ್ ಬೆಳೆಯುವುದೂ ಇಲ್ಲ, ಬ್ಯಾಕ್ಟೀರಿಯಾದಂತೆ ಇಬ್ಭಾಗವಾಗುವುದೂ ಇಲ್ಲ. ಡಿಎನ್‌ಎ ಒಳಹೊಕ್ಕ ಮೇಲೆ ಕೆಲವು ನಿಮಿಷಗಳ ಕಾಲ ಕೋಶವನ್ನು ಒಡೆದು ನೋಡಿದರೂ ಒಂದು ಪೂರ್ಣ ಫೇಜ್ ಸಿಗದು. ಬ್ಯಾಕ್ಟೀರಿಯಾದ್ದೇ ರೈಬೋಸೋಮ್‌ಗಳನ್ನು ದುಡಿಸಿಕೊಂಡು ತಲೆ, ಬಾಲ, ತಂತುಗಳು ಪ್ರತ್ಯೇಕವಾಗಿ ತಯಾರಾಗುತ್ತವೆ. ತಲೆಯೊಳಗೆ ಡಿಎನ್‌ಎ ತುಂಬಿದ ನಂತರ ಬಾಲ ಸೇರುತ್ತದೆ, ಉದ್ದನೆಯ ತಂತುಗಳು ಕೊನೆಗೆ ಅಂಟಿಕೊಳ್ಳುತ್ತವೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ಕಿಣ್ವವೊಂದು ಕೋಶಭಿತ್ತಿಯನ್ನು ಕರಗಿಸಿ, ನೂರಕ್ಕೂ ಹೆಚ್ಚು ಫೇಜ್‌ಗಳು ಹೊರಬೀಳಬಹುದು. ಈ ಭಾಗಗಳೆಲ್ಲ ಸೆಟ್‌ನಲ್ಲೇ ಬಿಡಿಬಿಡಿಯಾಗಿ ಇರುವಾಗ, ಅವನ್ನು ಇದೇ ಕ್ರಮದಲ್ಲಿ ಜೋಡಿಸಿರೆಂದು ಸೂಚಿಸುವುದು ತಯಾರಕರಿಗೆ ಹೊಳೆಯದೇ ಹೋದದ್ದು ಸೋಜಿಗ.

ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ವರ್ಣತಂತುವಿನಲ್ಲೇ ಸೇರಿಕೊಳ್ಳಬಲ್ಲ ಲ್ಯಾಂಬ್ಡಾದಂಥ ಫೇಜ್‌ಗಳ ಪ್ರಸ್ತಾಪವೂ ಫಲಕಗಳಲ್ಲಿಲ್ಲ. ಹೀಗಿದ್ದರೂ ಫೇಜ್ ಮಾದರಿಯೊಂದಕ್ಕಾಗಿಯೇ ಕಾಲೇಜುಗಳು ಈ ಸೆಟ್ಟನ್ನು ಕೊಳ್ಳಬಹುದು. ಫಲಕಗಳನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಟ್ಟು, ಹಂತಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡುವುದು ಲೇಸು.